ಬಿಳಿ ಪಟ್ಟಿಯಡಿಯ ಪದ

ಸಭೆ ಮುಗಿದು ಊಟಕ್ಕೆ ಕುಳಿತಾಗ ಮಾಸ್ಟ್ರು ಸಾರು ಬೇಡವೆಂದರು. ಸಾಂಬಾರು ಬಂದಾಗಲೂ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು, ಕಲಸಿ ಕಲಸಿ ಗಂಜಿಯಷ್ಟು ಮೆತ್ತಗೆ ಮಾಡಿ, ಮಗುವಿಗೆ ಉಣಿಸುವಂಥ ಚಿಕ್ಕ ತುತ್ತುಗಳನ್ನು ಬಾಯಿಗಿಟ್ಟರು. ವಡೆಯನ್ನು ಉಗುರಿನಷ್ಟು ಚೂರು ಮಾಡಿ ತುಟಿಯ ಸಂದಿಯಿಂದ ಒಳಗೆ ತಳ್ಳುತ್ತಿದ್ದರು. ನಾನು ಅವರ ಪಕ್ಕದ ಎಲೆಯಲ್ಲೇ ಇದ್ದೆ. ಹಲ್ಲಿನ ಡಾಕ್ಟರಾಗಿ ಇಷ್ಟು ವರ್ಷ ಜನರ ಬಾಯಿಯನ್ನೇ ನೋಡಿಕೊಂಡು ಬಂದವಳಿಗೆ ಅದನ್ನು ನೋಡದೆ ಇರಲು ಆಗಲಿಲ್ಲ. ಖಾರ ಆಗದು, ಬಾಯಿ ತೆರೆಯದು.

ಅವರು ನನಗೆ ಮುಂಡಾಜೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನನ್ನ ಅಪ್ಪ ಬ್ಯಾಂಕಿನ ನೌಕರರು. ವರ್ಗವಾಗಿ ಕೆಲವು ವರ್ಷ ಅಲ್ಲಿದ್ದಾಗ ನಾನು ಮಾಸ್ಟ್ರ ಕೈಗೆ ಸಿಕ್ಕಿಬಿದ್ದೆ ಎಂದೇ ಹೇಳಬೇಕು. ಈರುಳ್ಳಿಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, "ಪುಸ್ತಕದಲ್ಲಿ ಇದ್ದದ್ದು ಬರೆಯಬೇಡಿ, ಕಣ್ಣಿಗೆ ಕಂಡದ್ದು ಬರೆಯಿರಿ" ಎನ್ನುತ್ತಿದ್ದ ಮನುಷ್ಯ. ನಾನು ಡಾಕ್ಟರಾಗಿ ಬೆಳ್ತಂಗಡಿಯಲ್ಲಿ ಕ್ಲಿನಿಕ್ ತೆರೆದಾಗ ಮೊದಲ ದಿನ ಬಂದು ಕುರ್ಚಿಯಲ್ಲಿ ಕುಳಿತು, "ನನ್ನ ಹಲ್ಲು ಗಟ್ಟಿ ಉಂಟು, ಸುಮ್ಮನೆ ಹಾರೈಸಲಿಕ್ಕೆ ಬಂದದ್ದು" ಎಂದು ನಕ್ಕಿದ್ದರು. ಆಗ ಅವರ ಬಾಯಿ ತುಂಬ ನಗು ಕಾಣುತ್ತಿತ್ತು. ನಿವೃತ್ತಿಯ ನಂತರ ಪೂರ್ತಿ ಅಡಿಕೆ ಕೃಷಿಗೆ ಇಳಿದರು. ಮಾತು ಬಲ್ಲವರು, ನ್ಯಾಯ ಬಿಟ್ಟು ಮಾತಾಡದವರು ಎಂದು ಬೆಳೆಗಾರರ ಸಂಘದವರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ದರು.

ಆ ದಿನದ ಸಭೆ ಒಂದು ಪೋಸ್ಟರಿನ ಬಗ್ಗೆ. ದೇಶದೇಶಗಳು ಸೇರಿ ಕಟ್ಟಿಕೊಂಡ ಆರೋಗ್ಯ ಸಂಸ್ಥೆಯೊಂದು, ಎಲ್ಲೋ ದೂರದ ನಗರದಲ್ಲಿ ಕುಳಿತು, ಬಾಯಿಯ ಕ್ಯಾನ್ಸರಿಗೆ ತಂಬಾಕು ಮಾತ್ರವಲ್ಲ, ಅಡಿಕೆಯೂ ಕಾರಣ, ಜನರಿಗೆ ಇದನ್ನು ತಿಳಿಸಬೇಕು ಎಂದು ಹೇಳಿತ್ತು. ನಮ್ಮ ದೇಶವೂ ಅಲ್ಲಿ ತಲೆಯಾಡಿಸಿ ಬಂದಿತ್ತು. ಆ ಮಾತು ದೆಹಲಿಗೆ ಬಂದು, ಬೆಂಗಳೂರಿಗೆ ಇಳಿದು, ಜಿಲ್ಲೆಗೆ ಬಂದು, ಕೊನೆಗೆ ಒಂದು ಕಟ್ಟು ಪೋಸ್ಟರಾಗಿ ಬೆಳ್ತಂಗಡಿಯ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಬಿದ್ದಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಬಾಯಿ ತಪಾಸಣೆಯ ಶಿಬಿರ ನಡೆಸಬೇಕು. ಸರಕಾರಿ ದಂತವೈದ್ಯರು ಸಾಲದೆ ನನ್ನಂಥ ಖಾಸಗಿಯವರನ್ನೂ ಕರೆದಿದ್ದರು. ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಇಷ್ಟೇ: 'ಅಡಿಕೆ ಮತ್ತು ತಂಬಾಕು ಬಳಸುವವರು ಬಾಯಿ ಪರೀಕ್ಷಿಸಿಕೊಳ್ಳಿ.'

ಮೊದಲನೆಯ ಪೋಸ್ಟರ್ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ ಮರುದಿನವೇ ಅದನ್ನು ಯಾರೋ ಹರಿದರು. ಆರೋಗ್ಯಾಧಿಕಾರಿಗೆ ಫೋನಿನ ಮೇಲೆ ಫೋನು. ಅವರು ಒಳ್ಳೆಯವರು, ಹೆದರಿಕೆಯ ಸ್ವಭಾವದವರು. ಸಂಘದ ಹಾಲಿನಲ್ಲೇ ಸಭೆ ಕರೆದರು.

"ನಮ್ಮನ್ನು ವಿಷ ಬೆಳೆಯುವವರು ಅಂತ ಗೋಡೆಗೋಡೆಯಲ್ಲಿ ಬರೆಸ್ತೀರಾ?" ಎಂದು ಒಬ್ಬರು ಕೂಗಿದರು. ಮಾಸ್ಟ್ರು ಕೈಯೆತ್ತಿ ಅವರನ್ನು ಕೂರಿಸಿ ತಾವು ಎದ್ದರು. ಅವರು ಮೊದಲು ಆಡಿದ ಮಾತು ನನಗೆ ಈಗಲೂ ನೆನಪಿದೆ, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

"ಅಲ್ಲಿ ಕೂತವರಿಗೆ ಇದು ಒಂದು ಸಾಲು. ನಮಗೆ ಹಾಗಲ್ಲ. ಈ ಮೂರು ತಾಲೂಕಲ್ಲಿ ಅಡಿಕೆ ತೆಗೆದರೆ ಉಳಿಯುವುದು ಎಂತ? ನೀವು ಬದಲಿಗೆ ಎಂತ ಕೊಡ್ತೀರಿ? ಗುಟ್ಕಾ ಮಾಡಿದವರು ಬೇರೆ, ಅದಕ್ಕೆ ಹೊಗೆಸೊಪ್ಪು ಸೇರಿಸಿದವರು ಬೇರೆ. ಹೆಸರು ಹಾಳಾಗುವುದು ಮಾತ್ರ ನಮ್ಮದು. ದೇವರ ಮುಂದೆ ಇಡುವ ವಸ್ತು ಇದು. ಅದನ್ನು ಕಾಯಿಲೆಯ ಹೆಸರಿನ ಪಕ್ಕ ಬರೆಯುವಾಗ ನಮ್ಮನ್ನು ಒಂದು ಮಾತು ಕೇಳಿದ್ದಾರಾ?"

ಆಮೇಲೆ ಜೇಬಿನಿಂದ ಒಂದು ಹೋಳು ಅಡಿಕೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದು ಬಾಯಿಗೆ ಹಾಕಿಕೊಂಡರು. "ಸಣ್ಣಂದಿನಿಂದ ತಿಂತಾ ಇದ್ದೇನೆ. ಹೊಗೆಸೊಪ್ಪು ಮುಟ್ಟಿದವನಲ್ಲ. ನನಗೆ ಎಂತ ಆಗಿದೆ, ನೋಡಿ!" ಹಾಲ್ ತುಂಬ ಚಪ್ಪಾಳೆ ಬಿತ್ತು.

ನಾನು ಎದ್ದು, ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬಾಯಿಯ ಒಳಚರ್ಮ ಗಟ್ಟಿಯಾಗಿ ಮುಂದೆ ಕ್ಯಾನ್ಸರ್ ಆಗಬಹುದು, ಅಂಥ ಬಾಯಿಗಳನ್ನು ನಾನೇ ನೋಡಿದ್ದೇನೆ ಎಂದೆ. ನನ್ನ ಡಾಕ್ಟರ್ ಓದಿನ ಫೀಸು ಬಂದದ್ದು ನಾರಾವಿಯಲ್ಲಿರುವ ನಮ್ಮ ಅಡಿಕೆ ತೋಟದಿಂದ, ಆದ್ದರಿಂದ ಈ ಮಾತು ಹೇಳಲು ನನಗೂ ಸುಲಭವಲ್ಲ ಎಂದೂ ಹೇಳಿದೆ. "ಹಾಗಾದರೆ ಫೀಸು ವಾಪಸು ಕೊಡಿ ಡಾಕ್ಟ್ರೇ!" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಮಾಸ್ಟ್ರು ನಗಲಿಲ್ಲ. ಅವರು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

ಕೊನೆಗೆ ಆರೋಗ್ಯಾಧಿಕಾರಿ ದಾರಿ ಹುಡುಕಿದರು. "ಒಂದು ಪದಕ್ಕೋಸ್ಕರ ಶಿಬಿರವೇ ನಿಲ್ಲುವುದು ಬೇಡ. ಆ ಪದದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸುವ. ತಂಬಾಕು ಅಂತ ಉಂಟಲ್ಲ, ಸಾಕು."

"ಸಾಕಾಗುವುದಿಲ್ಲ ಸರ್," ಎಂದೆ.

"ಮೇಡಂ, ನೀವು ಕ್ಲಿನಿಕ್ಕಿಗೆ ಹೋಗ್ತೀರಿ. ನನಗೆ ಇಲ್ಲೇ ಕೆಲಸ ಮಾಡ್ಲಿಕ್ಕೆ ಉಂಟು," ಎಂದರು ಮೆಲ್ಲಗೆ.

ಸಭೆ ಮುಗಿದ ಕೂಡಲೇ ಮಾಸ್ಟ್ರು ಕೈತೊಳೆಯುವಲ್ಲಿಗೆ ಹೋದರು. ಬಹಳ ಹೊತ್ತು ಅಲ್ಲೇ ಬೆನ್ನು ತಿರುಗಿಸಿ ನಿಂತಿದ್ದರು. ಆಮೇಲೆ ಊಟಕ್ಕೆ ಬಂದು ನನ್ನ ಪಕ್ಕದಲ್ಲಿ ಕುಳಿತರು.

ಕೈ ತೊಳೆಯಲು ಏಳುವಾಗ ನಾನು, "ಸರ್, ಒಮ್ಮೆ ಕ್ಲಿನಿಕ್ಕಿಗೆ ಬನ್ನಿ," ಎಂದೆ.

"ನೀನು ಸಭೆಯಲ್ಲಿ ಸೋತದ್ದಕ್ಕೆ ನನ್ನ ಹಲ್ಲು ಕೀಳ್ತೀಯಾ ಮಾರಾಯ್ತಿ?" ಎಂದರು. ದನಿಯಲ್ಲಿ ತಮಾಷೆಯಿತ್ತು, ಕಣ್ಣಲ್ಲಿ ಇರಲಿಲ್ಲ.

ಶಿಬಿರಗಳು ಶುರುವಾದವು. ಮೊದಲನೆಯದು ಬಂಟ್ವಾಳ ತಾಲೂಕಿನ ಮಾಣಿಯಲ್ಲಿ, ಹೆದ್ದಾರಿ ಕವಲೊಡೆಯುವ ಜಾಗದ ಹತ್ತಿರದ ಒಂದು ಶಾಲೆಯಲ್ಲಿ. ಬಾಗಿಲಿಗೆ ಪೋಸ್ಟರ್ ಅಂಟಿಸಿದ್ದರು. ಮೊದಲ ಪದವಿದ್ದ ಜಾಗದಲ್ಲಿ ಬಿಳಿ ಪಟ್ಟಿ. ಬೀಡಿ ಸೇದುವ ಗಂಡಸರು ಸಾಲಾಗಿ ಬಂದರು. ಅವರ ಜೊತೆ ಬಂದ ಹೆಂಗಸರು ಹೊರಗಿನ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದರು. ಹೆಚ್ಚಿನವರು ಮನೆಮನೆಗೆ ಹೋಗಿ ಅಡಿಕೆ ಸುಲಿಯುವವರು. ಸುಲಿಯುತ್ತ ಸುಲಿಯುತ್ತ ಒಂದೊಂದು ಹೋಳು ಬಾಯಿಗೆ ಹೋಗುವುದು ಅವರಿಗೆ ಲೆಕ್ಕಕ್ಕೇ ಇಲ್ಲ.

ಅವರಲ್ಲಿ ಒಬ್ಬಳು ನಡುವಯಸ್ಸಿನವಳು ನಗುವಾಗ ತುಟಿ ಬಿಡಿಸುತ್ತಿರಲಿಲ್ಲ. ಮಾತು ಹಲ್ಲಿನ ನಡುವಿನಿಂದ ಸೋರಿ ಬರುತ್ತಿತ್ತು. ನಾನು ಹೊರಗೆ ಹೋಗಿ, "ಅಕ್ಕ, ನೀವೂ ಒಮ್ಮೆ ಒಳಗೆ ಬನ್ನಿ," ಎಂದೆ.

"ಎಂಕ್ ದಾಲ ಇಜ್ಜಿ ಡಾಕ್ಟ್ರೇ," ನನಗೆ ಏನೂ ಇಲ್ಲ ಎಂದಳು. ಆಮೇಲೆ ನಾನು ಪೇಟೆಯವಳೆಂದುಕೊಂಡು ಕನ್ನಡಕ್ಕೆ ತಿರುಗಿದಳು: "ನಾನು ಹೊಗೆಸೊಪ್ಪು ತಿನ್ನುವವಳಲ್ಲ. ಗಂಡನ ಬೀಡಿಗೋಸ್ಕರ ಬಂದದ್ದು. ಅದರಲ್ಲಿ ಬರೆದದ್ದು ಓದಿದ್ದೇನೆ. ಅದು ನಮಗಲ್ಲ."

"ಅಡಿಕೆ ತಿಂದರೂ ನೋಡಬೇಕು ಅಕ್ಕ."

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಪಕ್ಕದವಳ ಮುಖ ನೋಡಿದಳು. ಪಕ್ಕದವಳು, "ಅಡಿಕೆಗೆಲ್ಲ ಎಂತದೂ ಆಗುವುದಿಲ್ಲ ಅಂತ ಸಂಘದ ಸಭೆಯಲ್ಲೇ ಹೇಳಿದ್ದಾರಂತೆ," ಎಂದಳು. ಇಬ್ಬರೂ ಎದ್ದರು. ಒಳಗಿನಿಂದ ನನ್ನನ್ನು ಕರೆದರು. ಹೋಗಿ ತಿರುಗಿ ಬರುವುದರೊಳಗೆ ಜಗಲಿ ಖಾಲಿಯಾಗಿತ್ತು. ಆಮೇಲೆ ಆಶಾ ಕಾರ್ಯಕರ್ತೆಯ ಮೂಲಕ ಅವಳನ್ನು ಹುಡುಕಿಸಿದೆ. ಮಗಳ ಮನೆಗೆ ಹೋಗಿದ್ದಾಳೆ ಎಂದು ಒಮ್ಮೆ, ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ ಎಂದು ಇನ್ನೊಮ್ಮೆ ಸುದ್ದಿ ಬಂತು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಅದೇ ದಿನಗಳಲ್ಲಿ ಮೂಡುಬಿದಿರೆಯಲ್ಲಿ ನನ್ನ ತಮ್ಮನ ಮಗಳ ನಿಶ್ಚಿತಾರ್ಥ ನಡೆಯಿತು. ಎರಡು ಮನೆಯವರೂ ಎದುರೆದುರು ಕುಳಿತು ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಬದಲಾಯಿಸಿಕೊಂಡರು. ಅದಾದ ಮೇಲೆ ಮಾತು ಗಟ್ಟಿ, ಯಾರೂ ಹಿಂದೆ ಸರಿಯುವ ಹಾಗಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಬಂದ ಅಮ್ಮ ಆ ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆಯೂ ತಂದರು. ನಾನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟೆ. ಸಂಜೆ ನೆಂಟರು ಹೋದ ಮೇಲೆ ಅಮ್ಮ ಕೇಳಿದರು, "ಇದರಿಂದ ಕ್ಯಾನ್ಸರ್ ಬರ್ತದೆ ಅಂತ ನೀನು ಸಭೆಯಲ್ಲಿ ಹೇಳಿದೆಯಂತೆ?"

"ಹೌದಮ್ಮ."

"ಹಾಗಾದರೆ ಇವತ್ತು ನಾವು ಹುಡುಗನ ಕಡೆಯವರ ಕೈಗೆ ಕೊಟ್ಟದ್ದು ಎಂತ? ವಿಷವಾ?"

"ಕೈಗೆ ಕೊಟ್ಟದ್ದರಿಂದ ಎಂತದೂ ಆಗುವುದಿಲ್ಲ. ಜಗಿದರೆ ಆಗ್ತದೆ."

"ಕೈಗೆ ಕೊಟ್ಟದ್ದನ್ನು ಬಾಯಿಗೆ ಹಾಕಬೇಡಿ ಅನ್ನುವುದು ಮರ್ಯಾದೆಯಾ?" ಎಂದರು ಅಮ್ಮ. ಜಗಳದ ದನಿಯಲ್ಲ, ನಿಜವಾಗಿ ಉತ್ತರ ಬೇಕಾದವರ ದನಿ. ನಾನು ಹರಿವಾಣದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ. ದೂರದ ಆ ಸಂಸ್ಥೆಯವರಿಗೆ ಯಾರೂ ಈ ಪ್ರಶ್ನೆಯನ್ನು ಹೀಗೆ ಕೇಳಿರಲಿಕ್ಕಿಲ್ಲ.

ಮಾಸ್ಟ್ರು ಕ್ಲಿನಿಕ್ಕಿಗೆ ಬಂದದ್ದು ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ. ಹೆಂಡತಿಯನ್ನು ಹೊರಗೆ ಕಾರಿನಲ್ಲೇ ಕೂರಿಸಿ ಬಂದಿದ್ದರು. ಏನೂ ಹೇಳದೆ ಕುರ್ಚಿಯಲ್ಲಿ ಒರಗಿದರು.

ಆರೋಗ್ಯವಾದ ಬಾಯಿಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಮ್ಮದೇ ಮೂರು ಬೆರಳು ನೆಟ್ಟಗೆ ಹಿಡಿಯುತ್ತವೆ. ಅವರ ಬಾಯಿಯಲ್ಲಿ ಒಂದು ಬೆರಳು ಹೋಯಿತು. ಎರಡನೆಯದನ್ನು ಇಡಲು ನೋಡಿದಾಗ ಅವರ ಕಣ್ಣಲ್ಲಿ ನೀರು ಬಂತು. ಕೆನ್ನೆಯ ಒಳಗೆ ಬೆರಳಾಡಿಸಿದೆ. ಮೃದುವಾಗಿರಬೇಕಾದ ಚರ್ಮದಡಿ ಹುರಿಹಗ್ಗದಂಥ ಎಳೆಗಳು. ಬಣ್ಣ ಸತ್ತು ಬೆಳ್ಳಗಾಗಿತ್ತು. ಅದು ನಾನು ಊಹಿಸಿದ್ದೇ. ಊಹಿಸದೆ ಇದ್ದದ್ದು ಎಡಗಡೆ, ಕೊನೆಯ ದವಡೆ ಹಲ್ಲಿನ ಹಿಂದೆ ಇತ್ತು. ಒಂದು ಕೆಂಪು ಮಚ್ಚೆ, ಅಂಚು ಸ್ವಲ್ಪ ಎದ್ದಿತ್ತು. ಮುಟ್ಟಿದ ಕೂಡಲೇ ಹತ್ತಿಯಲ್ಲಿ ರಕ್ತ.

ನಾನು ದೀಪ ಆರಿಸಿದೆ.

"ಕಂಡದ್ದು ಹೇಳು," ಎಂದರು.

ಹೇಳಿದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಚೂರು ತೆಗೆದು ಪರೀಕ್ಷೆ ಮಾಡಬೇಕು, ತಡ ಮಾಡುವ ಹಾಗಿಲ್ಲ ಎಂದೆ.

"ಹೊಗೆಸೊಪ್ಪು ಇಲ್ಲದೆಯೂ ಆಗ್ತದಾ?"

"ಆಗ್ತದೆ ಸರ್."

ಅವರು ಚಾವಣಿ ನೋಡುತ್ತ ಮಲಗಿದ್ದರು. "ನನಗೆ ಗೊತ್ತಿತ್ತು," ಎಂದರು. "ತಿನ್ನುವುದು ನಿಲ್ಲಿಸಿ ಬಹಳ ಸಮಯ ಆಯ್ತು. ಮನೆಯಲ್ಲಿ ಬರೀ ಎಲೆ ಜಗಿಯುತ್ತೇನೆ, ಯಾರಿಗೂ ತಿಳಿಯದ ಹಾಗೆ. ಆವತ್ತು ಸಭೆಯಲ್ಲಿ ಹಾಕಿಕೊಂಡದ್ದನ್ನು ಕೈತೊಳೆಯುವಲ್ಲಿ ಹೋಗಿ ಉಗಿದೆ. ಅಷ್ಟಕ್ಕೇ ಬಾಯಿಗೆ ಬೆಂಕಿ ಬಿದ್ದ ಹಾಗೆ ಆಗಿತ್ತು."

ನನಗೆ ಸಿಟ್ಟು ಬಂತು. ಗುರುಗಳೆಂಬ ಗೌರವ ಒಂದು ಕ್ಷಣ ಮರೆತುಹೋಯಿತು. "ಗೊತ್ತಿದ್ದೂ ಯಾಕೆ ಹಾಗೆ ಮಾಡಿದಿರಿ?"

"ನಾನು ಒಬ್ಬ. ಅವರು ಎಷ್ಟು ಮನೆ!" ಎಂದರು. "ಅಧ್ಯಕ್ಷನ ಬಾಯಲ್ಲೇ ಹುಣ್ಣು ಅಂತ ಒಮ್ಮೆ ಪೇಪರಿನಲ್ಲಿ ಬಂದರೆ ನಾಳೆ ಯಾರು ಅಡಿಕೆ ತೆಗೆದುಕೊಳ್ತಾರೆ? ಅವರ ಮಕ್ಕಳಿಗೆ ನಾನೇ ಪಾಠ ಮಾಡಿದ್ದು. ಒಂದು ಕಡೆ ನನ್ನ ಬಾಯಿ, ಒಂದು ಕಡೆ ಅವರ ಗಂಜಿ. ನೀನಾದರೆ ಎಂತ ಮಾಡ್ತಿದ್ದೆ?"

"ಅಡಿಕೆ ಸುಲಿಯುವ ಹೆಂಗಸರಿಗೂ ಬಾಯಿ ಉಂಟು ಸರ್. ಅವರು ಶಿಬಿರದ ಬಾಗಿಲಿಂದಲೇ ವಾಪಸು ಹೋದರು. ಪೋಸ್ಟರಿನಲ್ಲಿ ತಮ್ಮ ವಿಷಯ ಇಲ್ಲ ಅಂದರು."

ಅವರು ಎದ್ದು ಕುಳಿತು, ಬಾಯಿ ತೊಳೆದು, ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಅಡಿಕೆಯ ಬೆಲೆ ಮತ್ತು ಈ ಹೊಸ ನೀತಿ ಎರಡರ ಬಗ್ಗೆಯೂ ಮಂತ್ರಿಗಳನ್ನು ಕಾಣಲು ದೆಹಲಿಗೆ ಬೆಳೆಗಾರರ ನಿಯೋಗ ಹೊರಟಿದೆ, ತಾನೇ ಮುಂದಾಳು, ಅದು ಮುಗಿಸಿ ಬಂದ ಮೇಲೆ ಆಸ್ಪತ್ರೆಗೆ ಹೋಗುತ್ತೇನೆ ಎಂದರು. ಮೊದಲು ಆಸ್ಪತ್ರೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನೀನು ಡಾಕ್ಟ್ರು. ನನ್ನ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಅಲ್ಲವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

"ಹೇಳುವ ಹಾಗಿಲ್ಲ," ಎಂದೆ.

ಕಾರಿನ ಕಿಟಕಿಯಿಂದ ಅವರ ಹೆಂಡತಿ ಮುಖ ಹೊರಗೆ ಹಾಕಿದರು. "ಎಂತ ಮಗಾ, ಹಲ್ಲಾ?"

"ಹಲ್ಲು," ಎಂದು ಮಾಸ್ಟ್ರೇ ಉತ್ತರ ಕೊಟ್ಟು ಕಾರು ಹತ್ತಿದರು.

ನಿಯೋಗ ಹೋಗಿ ಬಂದ ಫೋಟೊ ಪೇಪರಿನಲ್ಲಿ ಬಂತು. ಎಲ್ಲರೂ ನಗುತ್ತಿದ್ದರು, ಅವರೊಬ್ಬರು ತುಟಿ ಬಿಗಿದು ನಿಂತಿದ್ದರು. ಎಡಗೆನ್ನೆ ಸ್ವಲ್ಪ ಊದಿದ ಹಾಗೆ ನನಗೆ ಕಂಡಿತು. ಫೋನ್ ಮಾಡಿದೆ. "ಈ ತಿಂಗಳು ಸಂಘದ ಮಹಾಸಭೆ ಉಂಟು, ಅದಾಗಲಿ," ಎಂದರು. ಮಾತು ಮೊದಲಿಗಿಂತ ಅಸ್ಪಷ್ಟವಾಗಿತ್ತು. ಮತ್ತೆ ಮಾಡಿದಾಗ ಎತ್ತಲಿಲ್ಲ. ಒಂದು ಭಾನುವಾರ ಮನೆಗೇ ಹೋದೆ. ಜಗಲಿಯಲ್ಲಿ ಸಂಘದವರು ಕುಳಿತಿದ್ದರು, ನಡುವೆ ವೀಳ್ಯದ ತಟ್ಟೆ. ಅವರ ಎದುರು ನಾನೇನು ಹೇಳಲಿ? ಮಾಸ್ಟ್ರು ನನ್ನನ್ನು ನೋಡಿ, "ಬಾ, ಕಾಫಿ ಕುಡಿ," ಎಂದರು. ಕುಡಿದು ಬಂದೆ.

ಕೊನೆಗೆ ಅವರನ್ನು ಆಸ್ಪತ್ರೆಗೆ ಅಟ್ಟಿದ್ದು ಕಿವಿನೋವು. ಕಿವಿಯ ಡಾಕ್ಟರ ಹತ್ತಿರ ಹೋದರೆ ಅವರು ಬಾಯಿ ತೆರೆಯಿರಿ ಎಂದರಂತೆ. ತೆರೆಯಲಾಗಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಎಡಗಡೆಯ ದವಡೆಯ ಮೂಳೆ, ಕೆನ್ನೆ, ನಾಲಿಗೆಯ ಒಂದು ಭಾಗ ಹೋದವು. ಜೀವ ಉಳಿಯಿತು. ಊರಲ್ಲಿ ಎಲ್ಲರಿಗೂ, ಹಲ್ಲಿನ ಬೇರಿನಲ್ಲಿ ಗಡ್ಡೆಯಾಗಿತ್ತು ಎಂದು ಹೇಳಿಸಿದರು. ಎಲ್ಲರೂ ನಂಬಿದರು. ನಂಬದವರೂ ಇದ್ದಿರಬಹುದು, ಅವರೂ ಸುಮ್ಮನಿದ್ದರು.

ಅಷ್ಟರಲ್ಲಿ, ಶಿಬಿರ ಮುಂದುವರಿಸಿ, ಹೊಸ ಪೋಸ್ಟರ್ ಅಂಟಿಸಿ ಎಂದು ಮೇಲಿನಿಂದ ಮತ್ತೊಂದು ಸುತ್ತೋಲೆ ಬಂದಿತ್ತು. ಮತ್ತೆ ಅದೇ ಹಾಲ್, ಅದೇ ಆರೋಗ್ಯಾಧಿಕಾರಿ. ಮಾಸ್ಟ್ರು ಕೆಳಮುಖಕ್ಕೆ ಶಾಲು ಸುತ್ತಿಕೊಂಡು ಹೆಂಡತಿಯ ಜೊತೆ ಮುಂದಿನ ಸಾಲಿನಲ್ಲಿ ಬಂದು ಕುಳಿತರು. ಜನ ಎದ್ದು ನಿಂತು ಕೈಮುಗಿದರು. ನಾನು ಮತ್ತೆ ಅದೇ ಮಾತು ಹೇಳಿದೆ. ಆಗ ಒಬ್ಬ ಬೆಳೆಗಾರರು ಎದ್ದರು. "ಬರೀ ಅಡಿಕೆ ತಿಂದು ಕ್ಯಾನ್ಸರ್ ಆದವರು ಈ ತಾಲೂಕಲ್ಲಿ ಒಬ್ಬರಾದರೂ ಇದ್ದಾರಾ? ಒಬ್ಬರನ್ನು ತೋರಿಸಿ, ಈಗಲೇ ನಾನು ನಿಮ್ಮ ಪೋಸ್ಟರ್ ನಮ್ಮ ಗೇಟಿಗೆ ಅಂಟಿಸ್ತೇನೆ."

ನಾನು ಮುಂದಿನ ಸಾಲಿನ ಕಡೆ ನೋಡದಿರಲು ಗೋಡೆಯ ಗಡಿಯಾರವನ್ನು ನೋಡುತ್ತ ನಿಂತೆ. ಹೇಳುವ ಹಕ್ಕು ನನ್ನದಲ್ಲ. ಆ ಹಕ್ಕಿದ್ದವರು ಮೂರು ಮಾರು ದೂರದಲ್ಲಿ ಕುಳಿತಿದ್ದರು. ಕುರ್ಚಿ ಸರಿದ ಸದ್ದಾಯಿತು. ಮಾಸ್ಟ್ರು ಎದ್ದಿದ್ದರು. ಅವರು ಏನೋ ಹೇಳುತ್ತಾರೆಂದು ಜನ ಅವರ ಕಡೆ ತಿರುಗಿದರು. ಅವರು ಶಾಲಿನ ತುದಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, ಆಮೇಲೆ ಬಾಗಿಲ ಕಡೆ ನಡೆದರು. "ಪಾಪ, ಸುಸ್ತಾಗ್ತದೆ ಅವರಿಗೆ," ಎಂದು ಯಾರೋ ಎಂದರು. ಹೆಂಡತಿ ಕೂಡಲೇ ಏಳಲಿಲ್ಲ. ಅವರು ಗಂಡ ಹೋದ ಬಾಗಿಲನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಎದ್ದು ಹೋದರು. ಬಿಳಿ ಪಟ್ಟಿ ಈ ಸಲವೂ ಉಳಿಯಿತು. ಹೊಸ ಪೋಸ್ಟರುಗಳಿಗೂ ಅಂಟಿಸಿದರು.

ಮುಂಡಾಜೆಯ ಶಿಬಿರದ ದಿನ ಬೆಳಿಗ್ಗೆ ನಾನು ಸಲಕರಣೆ ಜೋಡಿಸುತ್ತಿದ್ದಾಗ ಹೊರಗೆ ಒಂದು ಜೀಪು ನಿಂತಿತು. ಹೆಂಗಸರು ಇಳಿದರು. ಮಾಸ್ಟ್ರ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವವರು, ನೆರೆಮನೆಗಳಲ್ಲಿ ಸುಲಿಯುವವರು. ಹಿಂದಿನಿಂದ ಮಾಸ್ಟ್ರ ಹೆಂಡತಿ ಇಳಿದರು. ಬಾಗಿಲಿನ ಪೋಸ್ಟರನ್ನು ಅವರು ನೋಡಲೂ ಇಲ್ಲ. ಹೆಂಗಸರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ ನನ್ನ ಹತ್ತಿರ ಬಂದರು.

"ಇವರ ಬಾಯಿ ನೋಡು ಮಗಾ. ಎಲ್ಲರದ್ದೂ."

"ಮಾಸ್ಟ್ರಿಗೆ ಗೊತ್ತುಂಟಾ ಅಮ್ಮ?"

"ಅವರು ಬೇಡ ಅನ್ನಲಿಲ್ಲ," ಎಂದರು. ಬೆಂಚಿನ ಕಡೆ ನೋಡಿ, "ಅವರು ಸಂಘಕ್ಕೆ ಹೇಳುವುದಿಲ್ಲ. ಅದು ಅವರ ಮರ್ಯಾದೆ. ನಾನು ಅಂಗಳದಲ್ಲಿ ಹೇಳಿದ್ದೇನೆ. ಇದು ನನ್ನದು," ಎಂದರು.

ಒಬ್ಬೊಬ್ಬರನ್ನೇ ನೋಡಿದೆ. ಕೆಲವರ ಬಾಯಿ ಚೆನ್ನಾಗಿತ್ತು. ಕೆಲವರ ಕೆನ್ನೆ ಬಿಳುಚಲು ಶುರುವಾಗಿತ್ತು. ಇಬ್ಬರನ್ನು ಮಂಗಳೂರಿಗೆ ಕಳಿಸಬೇಕಾಯಿತು. ಇವತ್ತಿನಿಂದಲೇ ಅಡಿಕೆ ನಿಲ್ಲಿಸಿ ಎಂದಾಗ ಒಬ್ಬಾಕೆ, "ದಿನವಿಡೀ ಅದರ ಎದುರೇ ಕೂತು ಹೇಗೆ ನಿಲ್ಲಿಸುವುದು ಡಾಕ್ಟ್ರೇ?" ಎಂದು ಕೇಳಿದಳು.

ಬೆಂಚು ಖಾಲಿಯಾದ ಮೇಲೆ ಮಾಸ್ಟ್ರ ಹೆಂಡತಿ ತಾವೇ ಬಂದು ಕುರ್ಚಿಯಲ್ಲಿ ಕುಳಿತರು. ಮದುವೆಯಾದಂದಿನಿಂದ ದಿನಾ ಊಟದ ನಂತರ ಗಂಡನಿಗೆ ಎಲೆಗೆ ಅಡಿಕೆ ಇಟ್ಟು ಮಡಚಿ ಕೊಟ್ಟವರು, ತಮಗೂ ಒಂದು ಮಡಚಿಕೊಂಡವರು. ನಾನು ಆ ತನಕ ಅದನ್ನು ಯೋಚಿಸಿಯೇ ಇರಲಿಲ್ಲ. ಬಾಯಿ ತೆರೆಯಿರಿ ಎಂದೆ.

"ಇಷ್ಟೇ ಮಗಾ," ಎಂದರು. "ಇದಕ್ಕಿಂತ ಹೆಚ್ಚು ಆಗುವುದಿಲ್ಲ. ಸಾರು ಬಿಟ್ಟು ತುಂಬ ಸಮಯ ಆಯ್ತು."

ಅವರ ಬಾಯಲ್ಲಿ ಕೆಂಪು ಮಚ್ಚೆ ಇನ್ನೂ ಎದ್ದಿಲ್ಲ. ಆದರೆ ಗಟ್ಟಿಯಾದ ಚರ್ಮ ಮತ್ತೆ ಮೆತ್ತಗಾಗುವುದಿಲ್ಲ. ಕಾಯುವುದೊಂದೇ ನನಗಿರುವ ಕೆಲಸ. ಈಗ ಅವರು ಆಗಾಗ ಬೆಳ್ತಂಗಡಿಗೆ ಬಸ್ಸಿನಲ್ಲಿ ಬಂದು ತೋರಿಸಿಕೊಂಡು ಹೋಗುತ್ತಾರೆ. ಪ್ರತಿ ಸಲವೂ ನಾನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ದವಡೆಯ ಕೊನೆಯ ಮೂಲೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ.